ಬೀಗರೂಟಕ್ಕೆ ಕೇಸ್‌ಗಟ್ಟಲೆ ಕೂಲ್ ಡ್ರಿಂಕ್ಸ್ ಇಳಿಸಿಕೊಳ್ಳುವ ಮುಂಚೆ ಬಾಟಲಿಯ ಕತ್ತು ನೋಡಿ

ಹಾಸನ ಸುತ್ತಮುತ್ತ ಮದುವೆ, ಬೀಗರೂಟ, ಗೃಹಪ್ರವೇಶ ಇಟ್ಟುಕೊಂಡಿರುವವರು ಇದನ್ನೊಮ್ಮೆ ಓದಿ. ಡೇಟ್ ಮುಗಿದ ಕೂಲ್ ಡ್ರಿಂಕ್ಸನ್ನು ಹೊಸ ಮಾಲಿನ ಜೊತೆ ಬೆರೆಸಿ, ಕೇಸ್ ಲೆಕ್ಕದಲ್ಲಿ ಶುಭಕಾರ್ಯದ ಮನೆಗಳಿಗೆ ಸಾಗಹಾಕುವವರು ಇದ್ದಾರೆ. ನಮ್ಮ ಮನೆಗೂ ಹಾಗೇ ಬಂತು. ಅಂಗಡಿಯ ಹೆಸರು ಇಲ್ಲಿ ಹಾಕುವುದಿಲ್ಲ. ದೂರು ಕೊಟ್ಟಿದ್ದೇವೆ, ಅದರ ಪಾಡಿಗೆ ಅದು ನಡೆಯಲಿ.

ಅಕ್ಕನ ಮಗಳ ಬೀಗರೂಟ ಅರಕಲಗೂಡು ಕಡೆಯ ಹಳ್ಳಿಯಲ್ಲಿ, ಏಪ್ರಿಲ್ ಬಿಸಿಲಿನಲ್ಲಿ ಇತ್ತು. ಮುದ್ದೆ, ಮಟನ್ ಸಾರು, ಬೋಟಿ ಎಲ್ಲ ಆದ ಮೇಲೆ ಕೈಗೊಂದು ಚಿಕ್ಕ ಬಾಟಲಿ ಕೊಡುವುದು ಈಗ ನಮ್ಮ ಕಡೆ ಪದ್ಧತಿಯೇ ಆಗಿಬಿಟ್ಟಿದೆ. ಮೊದಲೆಲ್ಲ ಬಾಳೆಹಣ್ಣು, ಬೀಡಾ ಸಾಕಿತ್ತು. ಈಗ ಬಾಟಲಿ ಇಲ್ಲದಿದ್ದರೆ ಬೀಗರ ಕಡೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಭಾವ ಹಾಸನದ ಒಂದು ಹೋಲ್‌ಸೇಲ್ ಅಂಗಡಿಗೆ ಆರ್ಡರ್ ಕೊಟ್ಟಿದ್ದರು. ಕಾಲು ಲೀಟರಿನ ಕೋಲಾ, ನಿಂಬೆ ಸೋಡಾ, ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆಂದು ಒಂದಷ್ಟು ಶುಗರ್‌ಲೆಸ್ ಬಾಟಲಿ, ಮಕ್ಕಳಿಗೆ ಮಾವಿನ ಜ್ಯೂಸಿನ ಪುಟ್ಟ ಪ್ಯಾಕ್. ರೇಟು ಬೇರೆ ಕಡೆಗಿಂತ ಚೆನ್ನಾಗಿಯೇ ಕಡಿಮೆ ಇತ್ತು. "ಬಿಲ್ ಬೇಡ ಅಂದ್ರೆ ಈ ರೇಟು ಅಣ್ಣ" ಅಂದಿದ್ದರಂತೆ. ಗ್ಯಾಸ್ ತುಂಬಿದ ಪಾನೀಯಕ್ಕೆ ತೆರಿಗೆ ಶೇ 40 ಇದೆ. ಹಾಗಾಗಿ ಬಿಲ್ ಇಲ್ಲದ ಮಾಲು ಅಗ್ಗ ಆಗಿರುವುದರಲ್ಲಿ ಆಶ್ಚರ್ಯ ಇಲ್ಲ ಅನ್ನಿಸುತ್ತದೆ. ಆ ಮಾತೇ ಹಳೇ ಮಾಲಿಗೂ ಒಳ್ಳೇ ಮುಸುಕು. ಭಾವ ಬಿಲ್ ಬೇಕೇ ಬೇಕು ಅಂದಾಗ ಕೊಟ್ಟಿದ್ದು ಕೈಯಲ್ಲಿ ಬರೆದ ಎಸ್ಟಿಮೇಟ್ ಚೀಟಿ.

ಊಟದ ದಿನ ಬಾಟಲಿಗಳನ್ನು ಐಸ್ ಹಾಕಿದ ಡ್ರಮ್ಮಿನಲ್ಲಿ ಮುಳುಗಿಸಿಟ್ಟಿದ್ದೆವು. ಮೊದಲ ಪಂಕ್ತಿಗೆ ಕೊಟ್ಟಿದ್ದು ಚೆನ್ನಾಗಿತ್ತು. ಎರಡನೇ ಪಂಕ್ತಿಯಲ್ಲಿ ಮುಚ್ಚಳ ತಿರುಗಿಸಿದರೆ ಬುಸ್ ಅನ್ನೋ ಸದ್ದೇ ಇಲ್ಲ. ಬಾಟಲಿ ಹಿಡಿದರೆ ಮೆತ್ತಗೆ ಒಳಗೆ ಹೋಗುತ್ತಿತ್ತು. ಬೀಗರ ಕಡೆಯ ಹಿರಿಯರೊಬ್ಬರು ಒಂದು ಗುಟುಕು ಕುಡಿದು, "ಪಾನಕ ಕೊಡೋದಾಗಿದ್ರೆ ಲೋಟದಲ್ಲೇ ಕೊಡಬಹುದಿತ್ತಲ್ಲಪ್ಪ" ಅಂದರು. ಪಂಕ್ತಿಯೆಲ್ಲ ನಕ್ಕಿತು. ಭಾವನ ಮುಖ ಮಾತ್ರ ನೋಡುವ ಹಾಗಿರಲಿಲ್ಲ.

ಒಂದೇ ಕೇಸಿನ ಒಂದು ಬಾಟಲಿಯಲ್ಲಿ ಭರ್ತಿ ಗ್ಯಾಸ್, ಪಕ್ಕದ ಬಾಟಲಿಯಲ್ಲಿ ಬರೀ ಸಿಹಿನೀರು. ಅದು ಹೇಗೆ ಅಂತ ನಾನು ಉಳಿದ ಕೇಸ್‌ಗಳನ್ನು ಬಿಚ್ಚಿ ನೋಡಿದೆ. ಡೇಟು, ಬ್ಯಾಚ್ ನಂಬರು ಬಾಟಲಿಯ ಕತ್ತಿನ ಹತ್ತಿರ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಹೊರಗಿನ ಸಾಲಿನಲ್ಲಿ, ಅಂದರೆ ನಮ್ಮ ಕಣ್ಣಿಗೆ ಬೀಳುವ ಕಡೆ, ಹೊಸ ಡೇಟು. ನಡುವಿನ ಬಾಟಲಿಗಳಲ್ಲಿ ಬೇರೆ ಬ್ಯಾಚು, ಡೇಟು ಎಂದೋ ಮುಗಿದಿತ್ತು. ಫ್ಯಾಕ್ಟರಿಯಲ್ಲಿ ಬಾಟಲಿಗಳು ಒಂದರ ಹಿಂದೆ ಒಂದು ತುಂಬಿಕೊಂಡು ಬಂದು ಹಾಗೇ ಪ್ಲಾಸ್ಟಿಕ್ ಹೊದಿಕೆಯೊಳಗೆ ಹೋಗುತ್ತವೆ. ಒಂದು ಕೇಸಿನೊಳಗೆ ಇಷ್ಟು ತಿಂಗಳು ಅಂತರದ ಎರಡು ಬ್ಯಾಚ್ ಬರುವುದಕ್ಕೆ ಅಲ್ಲಿ ದಾರಿಯೇ ಇಲ್ಲ. ಯಾರೋ ಕೂತು ಕೈಯಲ್ಲಿ ಜೋಡಿಸಿದ್ದಾರೆ. ಹೊದಿಕೆಯ ತಳ ತಿರುಗಿಸಿ ನೋಡಿದರೆ ಉದ್ದಕ್ಕೆ ಸೆಲ್ಲೋ ಟೇಪು ಅಂಟಿಸಿದ್ದರು. ಇನ್ನು ಕೆಲವು ಬಾಟಲಿಗಳಲ್ಲಿ ಡೇಟು ಇರುವ ಜಾಗವೇ ಮಸುಕು. ಏನೋ ಹಚ್ಚಿ ಉಜ್ಜಿದ ಹಾಗೆ ಅಂಟಂಟು. ಐಸ್ ನೀರಿಗೆ ಅಳಿಸಿರಬಹುದು ಅಂತ ಯಾರೋ ಅಂದರು. ನೀರಿಗೇ ಹಾಕದ ಕೇಸಿನಲ್ಲೂ ಹಾಗೇ ಇತ್ತು.

ಗ್ಯಾಸ್ ಯಾಕೆ ಹೋಗುತ್ತದೆ ಅನ್ನುವುದನ್ನು ಸ್ವಲ್ಪ ಹೇಳಬೇಕು. ಯಾಕೆಂದರೆ ಅಂಗಡಿಯವರು ಇದರಲ್ಲೇ ನಮ್ಮನ್ನು ಯಾಮಾರಿಸಲು ನೋಡಿದರು. ಮುಚ್ಚಳ ಎಷ್ಟೇ ಬಿಗಿಯಾಗಿದ್ದರೂ ಪ್ಲಾಸ್ಟಿಕ್ ಬಾಟಲಿಯ ಗೋಡೆಯ ಮೂಲಕವೇ ಕಾರ್ಬನ್ ಡೈಆಕ್ಸೈಡ್ ನಿಧಾನವಾಗಿ ಆಚೆ ಹೋಗುತ್ತಿರುತ್ತದೆ. ಗಾಜು ಮತ್ತು ಟಿನ್ನಿನ ಗೋಡೆಯಲ್ಲಿ ಅದಕ್ಕೆ ದಾರಿ ಇಲ್ಲ, ಅದಕ್ಕೇ ಅವುಗಳ ಬಾಳಿಕೆ ಜಾಸ್ತಿ. ಚಿಕ್ಕ ಬಾಟಲಿಯಲ್ಲಿ ಪಾನೀಯ ಕಡಿಮೆ, ಅದಕ್ಕೆ ಹೋಲಿಸಿದರೆ ಗೋಡೆ ಜಾಸ್ತಿ. ಹಾಗಾಗಿ ಎರಡು ಲೀಟರಿನ ಬಾಟಲಿಗಿಂತ ಕಾಲು ಲೀಟರಿನದು ಬೇಗ ಸಪ್ಪೆಯಾಗುತ್ತದೆ. ಚಿಕ್ಕ ಪ್ಲಾಸ್ಟಿಕ್ ಬಾಟಲಿಗಳ ಅವಧಿ ಸಾಮಾನ್ಯವಾಗಿ ಎರಡು ಮೂರು ತಿಂಗಳಷ್ಟೇ ಇರುವುದು ಇದಕ್ಕೇ. ಮದುವೆ ಮನೆಗಳಿಗೆ ಹೋಗುವುದೂ ಅವೇ ಚಿಕ್ಕ ಬಾಟಲಿಗಳು, ನೋಡಿ.

ಇದರ ಮೇಲೆ ಬಿಸಿಲು. ಬಿಸಿಯಾದಷ್ಟೂ ಬಾಟಲಿಯೊಳಗೆ ಒತ್ತಡ ಏರುತ್ತದೆ, ಗ್ಯಾಸ್ ಇನ್ನೂ ಬೇಗ ಗೋಡೆ ದಾಟುತ್ತದೆ. ಮಾರನೇ ದಿನ ನಾವು ಅಂಗಡಿಗೆ ಹೋದಾಗ ಹಿಂದುಗಡೆಯ ಗೋಡೌನ್ ನೋಡಿದೆವು. ಮೇಲೆ ತಗಡಿನ ಶೀಟು, ಬಾಗಿಲಿಂದ ಬಿಸಿಲು ನೇರ ಕೇಸ್‌ಗಳ ಮೇಲೆ. ಹಾಸನವನ್ನು ಬಡವರ ಊಟಿ ಅಂತಾರೆ, ನಿಜ. ಆದರೆ ಏಪ್ರಿಲ್‌ನಲ್ಲಿ ಮಧ್ಯಾಹ್ನ ತಗಡಿನ ಕೆಳಗೆ ಯಾವ ಊಟಿಯೂ ಇಲ್ಲ. ಪಕ್ಕದಲ್ಲೇ ಬೂಸಾ ಮೂಟೆ, ಹಿಂಡಿ, ಗೊಬ್ಬರದ ಚೀಲ. ಪ್ಲಾಸ್ಟಿಕ್ ಬಾಟಲಿಗಳನ್ನು ಗಿಡಕ್ಕೆ ಹೊಡೆಯುವ ಔಷಧಿ, ಸೀಮೆಎಣ್ಣೆ, ಫಿನಾಯಿಲ್ ಇಟ್ಟಲ್ಲಿ ಇಡಬಾರದು, ವಾಸನೆ ಒಳಗೆ ಇಳಿಯುತ್ತದೆ. ನೀರಿನ ಬಾಟಲಿಗೂ ಇದೇ ಮಾತು. ಬೂಸಾ ಇದ್ದಲ್ಲಿ ಇಲಿ ಇದ್ದೇ ಇರುತ್ತದೆ. ಕೇಸ್‌ಗಳ ಮೇಲೆ ಹಿಕ್ಕೆ ಕಂಡಿತು. ಇಲಿ ಮೂತ್ರ ಬಿದ್ದ ಟಿನ್ ಕುಡಿದು ಸತ್ತರು ಅಂತ ವಾಟ್ಸಾಪಿನಲ್ಲಿ ಬರುವ ಕಥೆಗಳನ್ನೆಲ್ಲ ನಾನು ನಂಬುವುದಿಲ್ಲ. ಆದರೆ ಇಲಿ ಜ್ವರ ಹರಡುವುದು ಇಲಿಯ ಮೂತ್ರದಿಂದಲೇ. ಬಾಯಿ ಹಚ್ಚಿ ಕುಡಿಯುವ ಟಿನ್ನು, ಬಾಟಲಿಯ ಬಾಯಿ ತೊಳೆಯುವುದರಲ್ಲಿ ನಷ್ಟ ಏನಿದೆ?

ಶುಗರ್‌ಲೆಸ್ ಬಾಟಲಿ ಕುಡಿದ ದೊಡ್ಡಪ್ಪ "ಇದರಲ್ಲಿ ಸಿಹಿಯೇ ಇಲ್ವಲ್ಲೋ" ಅಂದಿದ್ದರು. ಅಭ್ಯಾಸ ಇಲ್ಲ, ಅದಕ್ಕೆ ಅಂದುಕೊಂಡಿದ್ದೆವು. ಲೇಬಲ್ ಮೇಲೆ ಐಎನ್‌ಎಸ್ 951 ಅಂತ ಇದ್ದರೆ ಅದು ಆಸ್ಪರ್ಟೇಮ್, ಸಕ್ಕರೆ ಬದಲು ಹಾಕುವ ಸಿಹಿ. ಅದು ದಿನ ಕಳೆದಂತೆ ಒಡೆದು ಸಿಹಿ ಕಳೆದುಕೊಳ್ಳುತ್ತದೆ, ಬಿಸಿಯಲ್ಲಿ ಇನ್ನೂ ಬೇಗ. ದೊಡ್ಡಪ್ಪ ಹೇಳಿದ್ದು ಸರಿಯಾಗೇ ಇತ್ತು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಗ್ಯಾಸ್ ಹೋದ ಕೋಲಾ ವಿಷ ಅಲ್ಲ. ಅದು ತುಂಬಾ ಹುಳಿ ಇರುವ ಪಾನೀಯ, ಅದರಲ್ಲಿ ಕ್ರಿಮಿಗಳು ಸುಲಭಕ್ಕೆ ಬೆಳೆಯುವುದಿಲ್ಲ. ಅದರಲ್ಲಿ ಹೋಗಿದ್ದು ದುಡ್ಡು ಮತ್ತು ಮರ್ಯಾದೆ. ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಮಾವಿನ ಜ್ಯೂಸಿನ ಪ್ಯಾಕ್ ನೋಡಿ. ಅದರಲ್ಲಿ ಗ್ಯಾಸ್ ಇರುವುದೇ ಇಲ್ಲ. ಹಾಗಿದ್ದೂ ಕೆಲವು ಪ್ಯಾಕ್ ಉಬ್ಬಿಕೊಂಡಿದ್ದವು. ಪ್ಯಾಕಿನಲ್ಲಿ ಕಣ್ಣಿಗೆ ಕಾಣದ ತೂತು ಬಿದ್ದರೂ ಸಾಕು, ಒಳಗೆ ಈಸ್ಟ್ ಸೇರಿ ಹಣ್ಣಿನ ಸಕ್ಕರೆಯನ್ನು ಹುದುಗಿಸುತ್ತದೆ, ಉಬ್ಬಿಸುವುದು ಆ ಹುದುಗಿನ ಗಾಳಿ. ಕತ್ತರಿಸಿ ನೋಡಿದರೆ ಹುಳಿ ವಾಸನೆ ಗಪ್ಪನೆ ಹೊಡೆಯಿತು. ಅಷ್ಟರಲ್ಲಿ ಮಕ್ಕಳು ಕುಡಿದಾಗಿತ್ತು. ಒಂದು ಮಗು ಸಂಜೆ ವಾಂತಿ ಮಾಡಿತು. ಜ್ಯೂಸಿನಿಂದಲೇ ಅಂತ ಹೇಳಲಾರೆ, ಬೀಗರೂಟದ ದಿನ ಮಕ್ಕಳು ಏನೇನು ತಿಂದಿರುತ್ತಾರೋ. ಕೋಲಾ ಬಾಟಲಿ ಗಟ್ಟಿ ಇರಬೇಕು, ಜ್ಯೂಸ್ ಪ್ಯಾಕ್ ಉಬ್ಬಿರಬಾರದು. ಬಡಿಸುವ ಹುಡುಗರಿಗೆ ಇಷ್ಟು ಹೇಳಿಕೊಟ್ಟರೆ ಸಾಕು. ಉಬ್ಬಿದ್ದನ್ನು ರುಚಿ ಕೂಡ ನೋಡುವುದು ಬೇಡ.

ಅಂಗಡಿಯವರ ಮೊದಲ ಮಾತು, "ನೀವು ಐಸಲ್ಲಿ ಇಟ್ಟಿದ್ದೀರ ಅಣ್ಣ, ಅದಕ್ಕೇ ಗ್ಯಾಸ್ ಹೋಗಿದೆ." ಇದು ಉಲ್ಟಾ ಮಾತು. ತಣ್ಣಗಿದ್ದಷ್ಟೂ ನೀರು ಗ್ಯಾಸನ್ನು ಹಿಡಿದಿಟ್ಟುಕೊಳ್ಳುತ್ತದೆ. ಎರಡನೇ ಮಾತು, "ಡೇಟು ಸುಮ್ನೆ ಹಾಕಿರ್ತಾರೆ, ಆಮೇಲೂ ಒಂದೆರಡು ತಿಂಗಳು ನಡೆಯುತ್ತೆ." ಮನೆಯ ಫ್ರಿಜ್ಜಿನಲ್ಲಿ ಮರೆತ ಬಾಟಲಿಯನ್ನು ನಾವು ಕುಡಿಯುತ್ತೇವೋ ಬಿಡುತ್ತೇವೋ ಅದು ನಮ್ಮ ಇಷ್ಟ. ಎಕ್ಸ್‌ಪೈರಿ ಡೇಟು ಮುಗಿದಿದ್ದನ್ನು ಅಂಗಡಿಯವರು ಮಾರುವ ಹಾಗೇ ಇಲ್ಲ. ಡೇಟು ಬದಲಿಸುವುದಂತೂ ಮೋಸವೇ.

ಕೇಸ್ ಇಳಿಸಿಕೊಳ್ಳುವಾಗಲೇ ನಾಲ್ಕೈದು ಕೇಸ್ ಆರಿಸಿ, ನಡುವಿನ ಬಾಟಲಿ ತೆಗೆದು ಕತ್ತು ನೋಡಿ. ಬ್ಯಾಚ್ ಒಂದೇ ಇದೆಯಾ, ಡೇಟಿನ ಜಾಗ ಉಜ್ಜಿದ ಹಾಗಿದೆಯಾ, ಹೊದಿಕೆಗೆ ಟೇಪು ಬಿದ್ದಿದೆಯಾ. ಗಾಡಿ ಡ್ರೈವರ್ ಅವಸರ ಮಾಡುತ್ತಾನೆ, ಮಾಡಲಿ. ಜಿಎಸ್‌ಟಿ ಬಿಲ್ ಇಲ್ಲದ ಮಾಲು ಬೇಡ. ಸಾಧ್ಯವಾದರೆ ಕಂಪನಿಯ ಡೀಲರ್ ಹತ್ತಿರವೇ ತನ್ನಿ, ಉಳಿದ ಕೇಸ್ ವಾಪಸ್ ತಗೊಳ್ಳುತ್ತೇವೆ ಅಂತ ಬಿಲ್ ಮೇಲೇ ಬರೆಸಿಕೊಳ್ಳಿ. ತಂದ ಮೇಲೆ ಶಾಮಿಯಾನದ ಪಕ್ಕ ಬಿಸಿಲಿಗೆ ಇಡಬೇಡಿ, ಒಳಗಿನ ಕೋಣೆಯಲ್ಲಿ ನೆಲ ಬಿಟ್ಟು ಹಲಗೆ ಮೇಲೆ ಇಡಿ. ಬೇಗ ತಣ್ಣಗಾಗಲಿ ಅಂತ ಫ್ರೀಜರಿಗೆ ತುರುಕುವುದೂ ಬೇಡ. ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಟಿನ್ನು ಒಡೆಯುತ್ತದೆ.

ದೂರಿನ ವಿಷಯ. ಗ್ರಾಹಕರ ಸಹಾಯವಾಣಿ 1915, ಆಹಾರ ಸುರಕ್ಷತಾ ಪ್ರಾಧಿಕಾರದ ಟೋಲ್ ಫ್ರೀ ನಂಬರ್ 1800112100. ಜಿಲ್ಲೆಯಲ್ಲಿ ಆಹಾರ ಸುರಕ್ಷತಾ ಅಧಿಕಾರಿಗಳೂ ಇರುತ್ತಾರೆ. ಪರಿಹಾರ ಬೇಕಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಐದು ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ. ಕೇಸಿನ ಹೊದಿಕೆ, ಟೇಪು, ಎರಡು ಬ್ಯಾಚ್ ಒಟ್ಟಿಗೆ ಕಾಣುವ ಫೋಟೋ ಎಲ್ಲ ಇಟ್ಟುಕೊಳ್ಳಿ. ಮುಚ್ಚಳ ತೆರೆಯದ ಕೆಲವು ಬಾಟಲಿಗಳನ್ನೂ ಎತ್ತಿಡಿ, ತೆರೆದ ಬಾಟಲಿಯನ್ನು ಸಾಕ್ಷಿ ಅಂತ ಒಪ್ಪಿಸುವುದು ಕಷ್ಟ.

ಫೋಟೋ ತೋರಿಸಿದ ಮೇಲೆ ಅಂಗಡಿಯವರು ಮೆತ್ತಗಾದರು. ಒಡೆಯದ ಬಾಟಲಿಗಳಷ್ಟಕ್ಕೂ ದುಡ್ಡು ವಾಪಸ್ ಕೊಡುತ್ತೇನೆ ಅಂದರು. ಒಂದೇ ಷರತ್ತು, "ಮಾಲು ಹಾಗೇ ವಾಪಸ್ ತಂದುಬಿಡಿ, ಕಂಪನಿಗೆ ಕಳಿಸಬೇಕು." ಕಂಪನಿಗೆ ಕಳಿಸುವ ರಿಟರ್ನ್ ಚೀಟಿ ತೋರಿಸಿ ಅಂದರೆ ಮಾತೇ ಇಲ್ಲ. ಹಾಗೇ ಕೊಟ್ಟಿದ್ದರೆ ಆ ಬಾಟಲಿಗಳು ಮುಂದಿನ ವಾರ ಬೇಲೂರಿನಲ್ಲೋ ಚನ್ನರಾಯಪಟ್ಟಣದಲ್ಲೋ ಇನ್ನೊಬ್ಬರ ಬೀಗರೂಟಕ್ಕೆ ಹೋಗುತ್ತಿದ್ದವು. ಸಾಕ್ಷಿಗೆ ಬೇಕಾದಷ್ಟು ಎತ್ತಿಟ್ಟುಕೊಂಡು, ಉಳಿದವುಗಳ ಮುಚ್ಚಳವನ್ನು ಭಾವ ಅವರ ಅಂಗಡಿ ಮುಂದೆಯೇ ಒಂದೊಂದಾಗಿ ತಿರುಗಿಸಿ, ಆಮೇಲೆ ಎಣಿಸಿ ಕೊಟ್ಟರು. ನೀವೂ ಮುಚ್ಚಳ ತಿರುಗಿಸಿಯೇ ಕೊಡಿ.