ಹಕ್ಕಿ ಮುಂದೆ, ವ್ಯೂಫೈಂಡರ್ ಹಿಂದೆ: ಟ್ರೈಪಾಡ್ ಮೇಲೆ ನಾನು ಪರೀಕ್ಷಿಸಿದ ದಾರಿಗಳು

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ಆರೂವರೆಗೆ ಟ್ರೈಪಾಡ್ ಊರಿ, 600 ಎಂಎಂ ಲೆನ್ಸಿನಲ್ಲಿ ಹೆಜ್ಜಾರ್ಲೆಗಳ ಬೆನ್ನು ಹತ್ತಿದಾಗ ಈ ಕಾಟ ಶುರುವಾಯಿತು. ಲೆನ್ಸ್ ತಿರುಗಿಸಿ ನಿಲ್ಲಿಸಿದರೂ ವ್ಯೂಫೈಂಡರಿನ (ಕಣ್ಣಿಟ್ಟು ನೋಡುವ ಪುಟ್ಟ ಎಲೆಕ್ಟ್ರಾನಿಕ್ ಪರದೆಯ) ಚಿತ್ರ ಇನ್ನೊಂದಿಷ್ಟು ತೇಲಿ ಆಮೇಲೆ ನಿಲ್ಲುತ್ತಿತ್ತು. ರೆಕ್ಕೆ ತುಂಡಾದ ಪಟಗಳೇ ಹೆಚ್ಚು. ಅಂಗಡಿಯೊಂದರಲ್ಲಿ ಕೇಳಿದರೆ "ಕ್ಯಾಮೆರಾ ಬಾಡೀನೇ ಬದಲಾಯ್ಸಿಬಿಡಿ ಸಾರ್" ಅಂದರು. ಅಷ್ಟು ದುಡ್ಡು ಸುರಿಯುವ ಮೊದಲು ಕೈಯಲ್ಲಿದ್ದುದನ್ನೆಲ್ಲ ಪರೀಕ್ಷಿಸೋಣ ಅಂತ ಹೊರಟೆ. ಕೆಲವು ಬೆಳಗು ಕುಕ್ಕರಹಳ್ಳಿಯಲ್ಲಿ, ಎರಡು ಭಾನುವಾರ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹುಣಸೆಮರಗಳ ಕೆಳಗೆ.

ಫುಲ್ ಫ್ರೇಮ್ (36 x 24 ಎಂಎಂ ಸೆನ್ಸರಿನ) ಕ್ಯಾಮೆರಾದಲ್ಲಿ 600 ಎಂಎಂ ಅಂದರೆ ಅಡ್ಡಕ್ಕೆ ಕಾಣುವುದು ಸುಮಾರು ಮೂರೂವರೆ ಡಿಗ್ರಿ ಮಾತ್ರ. ಕೈ ಒಂದು ಡಿಗ್ರಿ ಸರಿದರೂ ಚೌಕಟ್ಟಿನ ಕಾಲುಭಾಗಕ್ಕಿಂತ ಹೆಚ್ಚು ಹೋಯಿತು. 50 ಎಂಎಂನಲ್ಲಿ ಗೊತ್ತೇ ಆಗದ ವಿಳಂಬ ಇಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಮೊದಲು ಸ್ಟೆಬಿಲೈಸೇಶನ್, ಅಂದರೆ ಕೈನಡುಕ ತಡೆಯುವ ವ್ಯವಸ್ಥೆ. ನನ್ನ ತೊಂದರೆಯ ಮುಕ್ಕಾಲು ಪಾಲು ಇಲ್ಲೇ ಇತ್ತು. ಸಾಮಾನ್ಯ ಮೋಡ್‌ನಲ್ಲಿ ನಾನು ನಿಧಾನಕ್ಕೆ ತಿರುಗಿಸಲು ಹೊರಟರೆ ಲೆನ್ಸ್ ಅದನ್ನೇ ನಡುಕ ಅಂದುಕೊಂಡು ಒಳಗಿನ ಗಾಜನ್ನು ಎದುರು ದಿಕ್ಕಿಗೆ ಸರಿಸುತ್ತದೆ. ಸರಿಯುವ ಜಾಗ ಮುಗಿದಾಗ ಚಿತ್ರ ಜಿಗಿಯುತ್ತದೆ, ನಾನು ನಿಂತಾಗ ಗಾಜು ನಡುವಿಗೆ ಮರಳುತ್ತದೆ. ನಾನು ಕಂಡ ತೇಲಾಟ ಅದೇ. ಪ್ಯಾನಿಂಗ್ ಮೋಡ್‌ಗೆ ಹಾಕಿದೆ: ಅಡ್ಡ ಚಲನೆಯನ್ನು ಬಿಟ್ಟು ಮೇಲೆ ಕೆಳಗಿನ ಅಲುಗಾಟವನ್ನಷ್ಟೇ ತಡೆಯಿತು, ತೇಲಾಟ ಬಹುಪಾಲು ಹೋಯಿತು. ಪೂರ್ತಿ ಆಫ್ ಮಾಡಿದಾಗ ಕೈ ನಿಂತಲ್ಲಿ ಚಿತ್ರವೂ ನಿಂತಿತು. ಬಾಡಿಯೊಳಗಿನ ಸ್ಟೆಬಿಲೈಸೇಶನ್ನೂ ಆಫ್ ಆಗಿದೆಯೇ ಅಂತ ಬೇರೆಯಾಗಿ ನೋಡಿ. ನಾನು ಮೊದಲ ದಿನ ಅದನ್ನು ಮರೆತು ಒಂದು ಬೆಳಗು ಕಳೆದುಕೊಂಡೆ. ಕೆರೆಯ ಮೇಲೆ ಗಾಳಿ ಜೋರಾದರೆ ಮಾತ್ರ ಆಫ್‌ಗಿಂತ ಪ್ಯಾನಿಂಗ್ ಮೋಡೇ ವಾಸಿ. ಹಾರುವ ಹಕ್ಕಿಗೆ ಹೇಗೂ 1/2000 ಸೆಕೆಂಡಿನ ಶಟರ್ ಇಡುವುದರಿಂದ ಪಟದ ಚುರುಕಿಗೆ ನಷ್ಟವಿಲ್ಲ.

ಎರಡನೆಯದು ವ್ಯೂಫೈಂಡರಿನ ವೇಗ. ಸೆಕೆಂಡಿಗೆ 60 ಫ್ರೇಮಿನಲ್ಲಿ ಒಂದೊಂದು ಚಿತ್ರ ಸುಮಾರು 17 ಮಿಲಿಸೆಕೆಂಡ್ ನಿಲ್ಲುತ್ತದೆ, 120ರಲ್ಲಿ 8. ಬೆಳ್ಳೂರಿನ ಹತ್ತು ಗಂಟೆಯ ಬಿಸಿಲಲ್ಲಿ 120 ನಿಜಕ್ಕೂ ನಯವಾಗಿತ್ತು. ಗೂಡಿಗೆ ಕಡ್ಡಿ ತರುವ ಬಣ್ಣದ ಕೊಕ್ಕರೆಯನ್ನು ಚೌಕಟ್ಟಿನ ನಡುವೆಯೇ ಹಿಡಿದಿಡಲು ಆಯಿತು. ಆದರೆ ನನ್ನ ಕ್ಯಾಮೆರಾದಲ್ಲಿ ಆ ಮೋಡ್‌ಗೆ ಹಾಕಿದರೆ ಚಿತ್ರ ಕೊಂಚ ಒರಟಾಗುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಮುಂಜಾವಿನ ಮಬ್ಬಿನಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಬೆಳಕು ಸಾಲದಾಗ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು ಬೆಳಕು ಕೂಡಿಸಿಕೊಳ್ಳುತ್ತದೆ, ಹಾಗಾಗಿ ಎಳೆದಂತೆ ಕಾಣುತ್ತದೆ. ಲೆನ್ಸಿನ ಹಿಂದೆ 1.4 ಪಟ್ಟು ಹಿಗ್ಗಿಸುವ ಕನ್ವರ್ಟರ್ ಹಾಕಿದರೆ ಇನ್ನೊಂದು ಸ್ಟಾಪ್ ಬೆಳಕು (ಅಂದರೆ ಅರ್ಧ) ಹೋಗಿ ಎಳೆತ ಮತ್ತಷ್ಟು ಹೆಚ್ಚು. ಬೆಳಿಗ್ಗೆ ಏಳೂವರೆಯವರೆಗೆ ಕನ್ವರ್ಟರ್ ಈಗ ಚೀಲದಲ್ಲೇ ಇರುತ್ತದೆ.

ಟ್ರೈಪಾಡ್ ಮೇಲೆ ಕ್ಯಾಮೆರಾ ಕೂರಿಸುವ ಬಾಲ್ ಹೆಡ್ (ಗುಂಡು ಕೀಲಿನದು) ಮತ್ತು ಗಿಂಬಲ್ (ಲೆನ್ಸನ್ನು ಸಮತೂಕದಲ್ಲಿ ಹಿಡಿಯುವುದು) ನಡುವೆ ಹೋಲಿಕೆಯೇ ಇಲ್ಲ. ಬಾಲ್ ಹೆಡ್ ಅಂಟಿಕೊಂಡು ತಟ್ಟನೆ ಬಿಡುತ್ತದೆ, ಆ ಜಗ್ಗಾಟವನ್ನು ನಾನು ವ್ಯೂಫೈಂಡರಿನ ತಪ್ಪೆಂದು ಎಣಿಸಿದ್ದೆ. ಗೆಳೆಯರೊಬ್ಬರ ಹಳೆಯ ಡಿಎಸ್‌ಎಲ್‌ಆರನ್ನೂ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಗಿಂಬಲ್ ಮೇಲೆ ಕೂರಿಸಿದೆ: ಗಾಜಿನ ವ್ಯೂಫೈಂಡರಿನಲ್ಲಿ ವಿಳಂಬವೇ ಇಲ್ಲ, ಆದರೆ ಪ್ರತಿ ಕ್ಲಿಕ್ಕಿಗೂ ಕನ್ನಡಿ ಎದ್ದು ಕ್ಷಣಕಾಲ ಕತ್ತಲು. ಅದಕ್ಕಾಗಿ ಹಿಂದಕ್ಕೆ ಹೋಗುವ ಮನಸ್ಸಾಗಲಿಲ್ಲ.

ನನಗೆ ತುಂಬ ಹಿಡಿಸಿದ್ದು ಫ್ಲ್ಯಾಶ್ ಕೂರಿಸುವ ಜಾಗಕ್ಕೆ ಸಿಕ್ಕಿಸುವ ಕೆಂಪು ಚುಕ್ಕಿಯ ಡಾಟ್ ಸೈಟ್. ವ್ಯೂಫೈಂಡರನ್ನೇ ಬಿಟ್ಟು, ಎರಡೂ ಕಣ್ಣು ತೆರೆದು, ಚುಕ್ಕಿಯನ್ನು ಹಕ್ಕಿಯ ಮೇಲಿಟ್ಟು ತಿರುಗಿಸಿದರಾಯಿತು. ದೂರದ ಮರದ ತುದಿಯೊಂದಕ್ಕೆ ಅದನ್ನು ಮೊದಲೇ ಹೊಂದಿಸಿಕೊಳ್ಳಬೇಕು. ಬೆಳ್ಳೂರಿನಲ್ಲಿ ಹದಿನೈದು ಮೀಟರ್ ಹತ್ತಿರದ ಕೊಂಬೆಗೆ ಹಕ್ಕಿ ಬಂದಾಗ ಚುಕ್ಕಿ ಕೊಕ್ಕಿನ ಮೇಲಿದ್ದರೂ, ಡಾಟ್ ಸೈಟ್ ಲೆನ್ಸಿಗಿಂತ ಮೇಲಿರುವುದರಿಂದ, ಪಟದ ನಡುವೆ ಅದಕ್ಕಿಂತ ಕೆಳಗಿನ ಭಾಗ ಬಂತು. ಅಷ್ಟು ಹತ್ತಿರಕ್ಕೆ ನಾನು ಮತ್ತೆ ವ್ಯೂಫೈಂಡರಿಗೇ ಕಣ್ಣಿಡುತ್ತೇನೆ.