ಪದ್ಮಿನಿಯ ಡ್ಯಾಶ್‌ಬೋರ್ಡಿಗೆ ಬಲ್ಬೋ, ಮೀಟರೋ?

ಬದಿಯಡ್ಕದ ದೊಡ್ಡಪ್ಪನ ಮನೆಯಲ್ಲಿ ಕೊಟ್ಟಿಗೆಯ ಒಂದು ಬದಿ ಹಟ್ಟಿ, ಇನ್ನೊಂದು ಬದಿ ಪ್ರೀಮಿಯರ್ ಪದ್ಮಿನಿ. ಮಳೆಗಾಲದ ಆಟಿ ತಿಂಗಳು ಬಂತೆಂದರೆ ಕಾರಿನ ವಿದ್ಯುತ್ತಿಗೆ ಜ್ವರ ಹಿಡಿಯುತ್ತದೆ. ಕಳೆದ ಮಳೆಗಾಲದಲ್ಲಿ ಒಮ್ಮೆಗೇ ಮೂರು ಕಾಯಿಲೆ: ವೈಪರ್ ನಿಂತಿತು, ಹೆಡ್‌ಲೈಟ್ ಮಂಕಾಯಿತು, ಇಂಡಿಕೇಟರ್ ಹಾಕಿದರೆ ಮೀಟರ್ ಬೋರ್ಡಿನ ದೀಪವೂ ಅದರ ತಾಳಕ್ಕೆ ಮಿಣುಕುತ್ತಿತ್ತು. ನನ್ನ ಕೈಯಲ್ಲಿ ವೋಲ್ಟ್, ಓಮ್‌ಗಳನ್ನು ಅಂಕಿಯಲ್ಲಿ ತೋರಿಸುವ ಹೊಸ ಡಿಜಿಟಲ್ ಮಲ್ಟಿಮೀಟರ್ ಇತ್ತು. ದೊಡ್ಡಪ್ಪನ ಬಳಿ ಇದ್ದದ್ದು 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವಯರ್ ಬೆಸೆದ ಟೆಸ್ಟ್ ಲ್ಯಾಂಪ್: ಒಂದು ವಯರ್ ಕಾರಿನ ಬಾಡಿಗೆ, ಇನ್ನೊಂದರ ಮೊನೆ ಪರೀಕ್ಷಿಸುವ ಜಾಗಕ್ಕೆ; ಕರೆಂಟ್ ಬಂದರೆ ಉರಿಯುತ್ತದೆ. ಎರಡನ್ನೂ ಅದೇ ಕಾರಿನ ಮೇಲೆ ಪ್ರಯೋಗಿಸಿದೆ.

ಮೊದಲು ವೈಪರ್. ಈ ಕಾರಿನ ಫ್ಯೂಸ್ ಎರಡೂ ತುದಿ ಚೂಪಾದ ಪಿಂಗಾಣಿಯದು. ಎರಡು ಹಿತ್ತಾಳೆ ನಾಲಗೆಗಳ ನಡುವೆ ಸಿಕ್ಕಿಸಿಕೊಂಡಿರುತ್ತದೆ. ಫ್ಯೂಸಿನಾಚೆ ಮೀಟರ್ ಇಟ್ಟೆ, 12.3 ವೋಲ್ಟ್ ತೋರಿಸಿತು. ಹಾಗಾದರೆ ಮೋಟಾರೇ ಹೋಗಿದೆ ಎಂದು ತೀರ್ಮಾನಿಸಿ ಅದನ್ನು ಬಿಚ್ಚಲು ಹೊರಟೆ. ದೊಡ್ಡಪ್ಪ ಮಾತಾಡದೆ ತಮ್ಮ ಲ್ಯಾಂಪಿನ ಮೊನೆಯನ್ನು ಅದೇ ಜಾಗಕ್ಕೆ ತಾಗಿಸಿದರು. ಬಲ್ಬ್ ಉರಿಯಲಿಲ್ಲ. ಫ್ಯೂಸನ್ನು ಬೆರಳಿನಿಂದ ಅರ್ಧ ಸುತ್ತು ತಿರುಗಿಸಿದರು, ಉರಿಯಿತು. ನಾಲಗೆಯ ಮೇಲೆ ಹಸಿರು ಕಿಲುಬು ತೆಳ್ಳಗೆ ಕೂತಿತ್ತು, ದೇವರ ದೀಪದ ಬುಡದಲ್ಲಿ ಕೂರುತ್ತದಲ್ಲ, ಹಾಗೆ.

ನನ್ನ ತಪ್ಪು ಏನೆಂದರೆ, ವೈಪರ್ ಸ್ವಿಚ್ ಆಫ್ ಇಟ್ಟು ಅಳೆದಿದ್ದೆ. ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ; ಕಿಲುಬಿನ ಮೂಲಕ ತೊಟ್ಟಿಕ್ಕಿದರೂ ಅದಕ್ಕೆ ಪೂರ್ತಿ 12 ವೋಲ್ಟ್ ಕಾಣುತ್ತದೆ. 21 ವ್ಯಾಟಿನ ಬಲ್ಬಿಗೆ ಸುಮಾರು 1.75 ಆಂಪಿಯರ್ ಬೇಕು. ಅಷ್ಟನ್ನು ಕಿಲುಬು ಬಿಡುವುದಿಲ್ಲ. ಈ ಸುತ್ತು ಬಲ್ಬಿನದ್ದು. ಕನ್ನಡಕ ಇಲ್ಲದೆಯೂ ಓದಲಿಕ್ಕಾಗುವ ಮೀಟರ್ ಇದು ಎಂದು ದೊಡ್ಡಪ್ಪ ಆಮೇಲೆ ಎರಡು ದಿನ ಹೇಳಿಕೊಂಡು ತಿರುಗಿದರು.

ಹೆಡ್‌ಲೈಟಿನ ಸುತ್ತಿನಲ್ಲಿ ದೊಡ್ಡಪ್ಪನ ಬಲ್ಬ್ ಸೋತಿತು. ಲೈಟ್ ಸ್ವಿಚ್ಚಿನ ಹಿಂದೆ ಒಳಬರುವ ವಯರಿಗೂ ಹೊರಹೋಗುವ ವಯರಿಗೂ ಲ್ಯಾಂಪ್ ತಾಗಿಸಿದರೆ ಎರಡೂ ಕಡೆ ಚೆನ್ನಾಗಿಯೇ ಉರಿಯಿತು. 12 ವೋಲ್ಟಿನ ಬೆಳಕು ಯಾವುದು, 10 ವೋಲ್ಟಿನದ್ದು ಯಾವುದು ಎಂದು ಹಗಲು ಹೊತ್ತಿನಲ್ಲಿ ಹೇಳುವ ಕಣ್ಣು ನನಗಂತೂ ಇಲ್ಲ. ಈ ಸಲ ಲೈಟ್ ಹಾಕಿಯೇ ಮೀಟರಿನ ಒಂದು ಮೊನೆ ಸ್ವಿಚ್ಚಿನ ಒಳಗಡೆಗೂ ಇನ್ನೊಂದು ಹೊರಗಡೆಗೂ ಇಟ್ಟೆ: 2.1 ವೋಲ್ಟ್. ಸೊನ್ನೆಯ ಹತ್ತಿರ ಇರಬೇಕಾದದ್ದು. ಡಿಪ್ಪಿನಲ್ಲಿ ಎರಡು ಹೆಡ್‌ಲೈಟ್ ಸೇರಿ ಸುಮಾರು 6 ಆಂಪಿಯರ್ ಹರಿಯುತ್ತಿದ್ದರೆ, ಹನ್ನೆರಡು ವ್ಯಾಟಿನಷ್ಟು ಸ್ವಿಚ್ಚಿನೊಳಗೇ ಬಿಸಿಯಾಗಿ ಹೋಗುತ್ತಿತ್ತು ಎಂದರ್ಥ. ಮುಟ್ಟಿ ನೋಡಿದರೆ ಹೌದು, ಬೆಚ್ಚಗಿತ್ತು.

ಮಿಣುಕುವ ಕಾಯಿಲೆಯ ಮೂಲ ಅರ್ತ್, ಅಂದರೆ ಕರೆಂಟ್ ಬಾಡಿಯ ಮೂಲಕ ಬ್ಯಾಟರಿಯ ಮೈನಸ್ಸಿಗೆ ಮರಳುವ ದಾರಿ, ಎಂಬ ಸಂಶಯ ಮೊದಲೇ ಇತ್ತು. ಆ ದಾರಿಯ ತಡೆಯನ್ನು ಓಮಿನಲ್ಲಿ ಅಳೆದರೆ ಮೀಟರ್ 0.5 ತೋರಿಸಿತು, ಅದರ ಎರಡು ಮೊನೆಗಳನ್ನು ಪರಸ್ಪರ ತಾಗಿಸಿದರೂ 0.4 ತೋರಿಸುವ ಮೀಟರ್ ಅದು, ಇದರಿಂದ ಏನು ತಿಳಿಯಬೇಕು? ಬದಲಿಗೆ ದೀಪ, ಇಂಡಿಕೇಟರ್ ಎಲ್ಲ ಹಾಕಿ, ಬ್ಯಾಟರಿಯ ಮೈನಸ್ಸಿನಿಂದ ಮೀಟರ್ ಬೋರ್ಡಿನ ಲೋಹಕ್ಕೆ ವೋಲ್ಟ್ ಅಳೆದೆ. ಇಂಡಿಕೇಟರಿನ ಒಂದೊಂದು ಬಡಿತಕ್ಕೂ ಅಂಕಿ ಏರಿ ಇಳಿಯಿತು. ಬೋರ್ಡಿನ ಹಿಂದಿನ ತಿರುಪಿನ ಕೆಳಗೆ ತುಕ್ಕು. ಕೆರೆದು, ಹೊಸದೊಂದು ಅರ್ತ್ ವಯರ್ ಎಳೆದ ಮೇಲೆ ನಿಂತಿತು.

ಮೂರನೆಯ ಉಪಾಯವಾಗಿ ಬ್ಯಾಟರಿಯಿಂದ ನೇರ ವಯರ್ ಕೊಟ್ಟು ನೋಡುವವರಿದ್ದಾರೆ. ನಾನೂ ಫ್ಯೂಸ್ ಹಾಕದೆ ಕೊಟ್ಟೆ, ಮೊನೆ ಜಾರಿ ಬಾಡಿಗೆ ತಾಗಿತು. ವಯರಿನ ಸಿಪ್ಪೆ ಸುಟ್ಟ ವಾಸನೆ ಕೊಟ್ಟಿಗೆಯಿಂದ ಅಡುಗೆಮನೆಯವರೆಗೆ ಹೋಗಿ ದೊಡ್ಡಮ್ಮ ಹೊರಗೆ ಬಂದರು. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಇನ್ನು ಲೈಟ್ ಸ್ವಿಚ್: ಹಳೆಯದನ್ನು ತೊಳೆಯುವುದೋ, ಹೊಸದು ಹಾಕುವುದೋ? ಮಂಗಳೂರಿನಿಂದ ತಂದ ಹೊಸದರ ಒಳಗಿನ ಹಿತ್ತಾಳೆ ಕಾಗದದಷ್ಟು ತೆಳು, ಒತ್ತಿದರೆ ಹಿಡಿತವೇ ಇಲ್ಲ. ಹಳೆಯದನ್ನೇ ಬಿಚ್ಚಿದೆ. ದೊಡ್ಡಮ್ಮ ಹಿತ್ತಾಳೆ ಪಾತ್ರೆ ಬೆಳಗುವ ಬಿಂಬುಳಿ ಎಂಬ ಹುಳಿಕಾಯಿ ಹಾಕಿದೆ. ಹೊಳೆಯಿತು, ಆದರೆ ಹುಳಿ ಸಂದಿಯಲ್ಲಿ ಉಳಿದು ಎರಡೇ ವಾರದಲ್ಲಿ ಮತ್ತೆ ಹಸಿರಾಯಿತು. ಎರಡನೆಯ ಸಲ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಒರೆಸಿದೆ. 2.1 ಇದ್ದದ್ದು 0.3ಕ್ಕೆ ಇಳಿಯಿತು. ಜೊತೆಗೆ ಬಾನೆಟ್ಟಿನ ಕೆಳಗೆ ಬ್ಯಾಟರಿಯಿಂದ ಫ್ಯೂಸ್ ಸಹಿತ ದಪ್ಪ ವಯರ್ ಎಳೆದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಕೂರಿಸಿದೆ. ಈಗ ಹೆಡ್‌ಲೈಟಿನ ಭಾರ ರಿಲೇಯ ಮೇಲೆ. ಸ್ವಿಚ್ಚಿಗೆ ಉಳಿದದ್ದು ರಿಲೇಯ ಸುರುಳಿ ಎಳೆಯುವ, ಅರ್ಧ ಆಂಪಿಯರಿಗೂ ಕಡಿಮೆ ಕರೆಂಟ್. ಹೊಸ ಸ್ವಿಚ್ ಡಬ್ಬಿಯ ಸಮೇತ ಡ್ಯಾಶ್‌ಬೋರ್ಡಿನ ಗೂಡಿನಲ್ಲಿದೆ, ದೊಡ್ಡಪ್ಪನ ಅಡಿಕೆ ಚೂರಿಯ ಪಕ್ಕದಲ್ಲಿ.