ಗಂಜಿನ ಅಂಗಡಿಗೆ ‘ರೆಡಿಮೇಡ್’ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸುವವರು ಇದನ್ನು ಓದಿ

ಕಲಬುರಗಿ ನೆಹರು ಗಂಜಿನ ಒಂದು ಅಡತಿ ಅಂಗಡಿಯಲ್ಲಿ ತೊಗರಿ ಸೀಜನ್ ಜೋರಿದ್ದಾಗಲೇ ಇಂಥ ಸಾಫ್ಟ್‌ವೇರಿನಲ್ಲಿದ್ದ ಲೆಕ್ಕವೆಲ್ಲ ಅಳಿಸಿಹೋಯಿತು. ರೈತರ ಪಟ್ಟಿ, ತೂಕ, ಹಮಾಲಿ, ದಾಲ್ ಮಿಲ್ಲಿನವರ ಉದ್ರಿ, ಯಾವುದೂ ಇಲ್ಲ. ಡೇಟಾಬೇಸಿನಲ್ಲಿ ಉಳಿದದ್ದು ಒಂದೇ ಟೇಬಲ್. ಅದರಲ್ಲಿ, ಬಿಟ್‌ಕಾಯಿನ್ ಕಳಿಸಿದರೆ ಡೇಟಾ ವಾಪಸ್ ಎಂಬ ಒಕ್ಕಣೆ.

ಸಾಫ್ಟ್‌ವೇರ್ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವಂಥದ್ದು) ಆಗಿದ್ದಕ್ಕೇ ಹೀಗಾಯಿತು ಎಂಬ ಮಾತು ಗಂಜಿನಲ್ಲಿ ಹರಿದಾಡುತ್ತಿದೆ. ಸುಳ್ಳು. ವೆಬ್ ಪುಟ ಕಳಿಸುವ ಅಪಾಚೆ, ಸ್ಕ್ರಿಪ್ಟ್ ನಡೆಸುವ ಪಿಎಚ್‌ಪಿ, ಡೇಟಾ ಇಡುವ ಮರಿಯಾಡಿಬಿ ಮೂರೂ ಗಟ್ಟಿ ಸಾಮಾನೇ. ಕೆಟ್ಟದ್ದು ಕೂಡಿಸಿದ ರೀತಿ. ಮಾರಿದವರು ಈ ಮೂರನ್ನೂ ಒಟ್ಟಿಗೆ ಕೊಡುವ ಕ್ಸಾಂಪ್ (XAMPP) ಹಾಕಿ, ಅದರ ಎಚ್‌ಟಿಡಾಕ್ಸ್ ಫೋಲ್ಡರಿಗೆ ಸಿದ್ಧ ಸ್ಕ್ರಿಪ್ಟ್ ಸುರಿದು ಹೋಗಿದ್ದರು. ಕ್ಸಾಂಪ್ ಇರುವುದು ಪ್ರೋಗ್ರಾಮ್ ಬರೆಯುವವರು ತಮ್ಮ ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡಲಿಕ್ಕೆ, ವ್ಯಾಪಾರ ನಡೆಸಲಿಕ್ಕಲ್ಲ. ಅದರಲ್ಲಿ ರೂಟ್‌ಗೆ, ಅಂದರೆ ಡೇಟಾಬೇಸಿನ ಪೂರ್ತಿ ಅಧಿಕಾರವಿರುವ ಯೂಸರಿಗೆ, ಪಾಸ್‌ವರ್ಡೇ ಇರುವುದಿಲ್ಲ. ಬ್ರೌಸರಿನಿಂದ ಡೇಟಾಬೇಸ್ ನಿಭಾಯಿಸುವ ಪಿಎಚ್‌ಪಿಮೈಅಡ್ಮಿನ್ ಏನೂ ಕೇಳದೆ ಒಳಗೆ ಬಿಡುತ್ತದೆ. ಕಾವಲಿಗಿರುವುದು ಸೆಟ್ಟಿಂಗ್ ಫೈಲಿನ ‘ರಿಕ್ವೈರ್ ಲೋಕಲ್’ (ಇದೇ ಕಂಪ್ಯೂಟರಿನವರನ್ನಷ್ಟೇ ಬಿಡು) ಎಂಬ ಒಂದು ಸಾಲು.

“ಮನ್ಯಾಗ ಕುಂತು ಮೊಬೈಲ್‌ನ್ಯಾಗ ಸ್ಟಾಕ್ ನೋಡಂಗಾಗ್ಬೇಕ್ರಿ” ಅಂದರು ಸಾಹುಕಾರರು. ಹಾಕಿಕೊಟ್ಟವರು ಆ ಸಾಲನ್ನು ‘ರಿಕ್ವೈರ್ ಆಲ್ ಗ್ರಾಂಟೆಡ್’ (ಎಲ್ಲರನ್ನೂ ಬಿಡು) ಮಾಡಿ, ರೌಟರಿನಲ್ಲಿ 80ನೇ ಪೋರ್ಟ್, ಅಂದರೆ ಇಂಟರ್ನೆಟ್ಟಿನಿಂದ ಒಳಬರುವ ಬಾಗಿಲು, ತೆರೆದಿಟ್ಟರು. ಇಂಥ ಬಾಗಿಲು ಹುಡುಕುತ್ತ ಹಗಲೂ ರಾತ್ರಿ ಐಪಿ (ಇಂಟರ್ನೆಟ್ ವಿಳಾಸ) ತಡಕಾಡುವ ಪ್ರೋಗ್ರಾಮುಗಳಿವೆ. ಅವಕ್ಕೆ ಕಲಬುರಗಿಯೂ ಒಂದೇ, ಬೆಂಗಳೂರೂ ಒಂದೇ. ದುಡ್ಡು ಕಳಿಸುವ ಯೋಚನೆ ಬೇಡ. ಎಷ್ಟೋ ಸಲ ಅಳಿಸಿದವರ ಹತ್ತಿರವೂ ನಕಲು ಇರುವುದಿಲ್ಲ.

ಪೆನ್‌ಡ್ರೈವಿನಲ್ಲಿ ಬ್ಯಾಕಪ್ ಇತ್ತು. ಆದರೆ ಅದು ಸಾಫ್ಟ್‌ವೇರ್ ಓಡುತ್ತಿರುವಾಗಲೇ ಆ ಡೇಟಾಬೇಸಿನ ಫೋಲ್ಡರನ್ನಷ್ಟೇ ಕಾಪಿ ಮಾಡಿದ್ದು. ಮರಿಯಾಡಿಬಿಯ ಒಳಗೆ ಡೇಟಾ ಸಂಗ್ರಹಿಸುವ ಇನ್ನೋಡಿಬಿ ಎಂಜಿನ್ ತನ್ನ ಟೇಬಲುಗಳ ದಾಖಲೆ ಇಟ್ಟುಕೊಳ್ಳುವುದು ಆ ಫೋಲ್ಡರಿನ ಹೊರಗಿರುವ ಐಬಿಡೇಟಾ1 ಫೈಲಿನಲ್ಲಿ. ಅದಿಲ್ಲದೆ ವಾಪಸ್ ಹಾಕಿದರೆ ಟೇಬಲಿನ ಹೆಸರೇನೋ ಕಾಣುತ್ತದೆ, ತೆರೆಯಹೋದರೆ ‘ಡಸಂಟ್ ಎಕ್ಸಿಸ್ಟ್ ಇನ್ ಎಂಜಿನ್’ (ಎಂಜಿನ್ನಿನಲ್ಲಿ ಇಲ್ಲ) ಎನ್ನುತ್ತದೆ. ಈ ಹಂತದಲ್ಲಿ ಫಾರ್ಮ್ಯಾಟ್ ಹೊಡೆಯಬೇಡಿ. ಅದೇ ರಚನೆಯ ಖಾಲಿ ಟೇಬಲ್ ಮಾಡಿ, ‘ಡಿಸ್ಕಾರ್ಡ್ ಟೇಬಲ್‌ಸ್ಪೇಸ್’ ಕೊಟ್ಟು, ಬ್ಯಾಕಪ್ಪಿನಲ್ಲಿರುವ ಹಳೆಯ ಐಬಿಡಿ ಫೈಲನ್ನು (ಟೇಬಲಿನ ಡೇಟಾ ಇರುವುದು ಇದರಲ್ಲೇ) ಅಲ್ಲಿಗೆ ತಂದು ‘ಇಂಪೋರ್ಟ್ ಟೇಬಲ್‌ಸ್ಪೇಸ್’ ಕೊಟ್ಟರೆ ಕೆಲವು ಬದುಕುತ್ತವೆ. ಇಲ್ಲಿ ಗಿರಾಕಿಗಳ ಹೆಸರು ಬಂದವು. ಉದ್ರಿ ಬರಲಿಲ್ಲ, ಕಾಪಿ ಆಗುವ ಹೊತ್ತಿಗೆ ಮುನೀಮರು ಅದರಲ್ಲೇ ಎಂಟ್ರಿ ಹಾಕುತ್ತಿದ್ದರು.

ಹಾಕಿಸಿಕೊಂಡವರು ಈಗಲೇ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಿಂದ ನಿಮ್ಮ ಸಾಫ್ಟ್‌ವೇರ್ ವಿಳಾಸದಲ್ಲಿ ಐಪಿ ಇಲ್ಲವೇ ಡೊಮೇನ್ ಹೆಸರಿನ ಮುಂದಿರುವುದನ್ನೆಲ್ಲ ಅಳಿಸಿ, ಅಲ್ಲಿ /phpmyadmin ಸೇರಿಸಿ ತೆರೆದು ನೋಡಿ. ತೆರೆದುಕೊಂಡರೆ ಮೊದಲು ಪೋರ್ಟ್ ಮುಚ್ಚಿಸಿ, ಜಗಳ ಆಮೇಲೆ. ಹೊರಗಿನಿಂದ ನೋಡಲೇಬೇಕಿದ್ದರೆ ವೈರ್‌ಗಾರ್ಡ್‌ನಂಥ ವಿಪಿಎನ್ (ನಿಮ್ಮ ಮೊಬೈಲಿಗಷ್ಟೇ ತೆರೆಯುವ ಖಾಸಗಿ ದಾರಿ) ಹಾಕಿಸಿ. ರೂಟ್‌ಗೆ ಪಾಸ್‌ವರ್ಡ್ ಇಟ್ಟು, ಸ್ಕ್ರಿಪ್ಟಿಗೆ ಅದರ ಡೇಟಾಬೇಸಷ್ಟೇ ಮುಟ್ಟಬಲ್ಲ ಬೇರೆ ಯೂಸರ್ ಮಾಡಿಸಿ. ಬ್ಯಾಕಪ್ ಅಂದರೆ ಮೈಎಸ್‌ಕ್ಯೂಎಲ್‌ಡಂಪ್, ಡೇಟಾಬೇಸನ್ನು ಒಂದು ಫೈಲಿಗೆ ಬರೆದುಕೊಡುವ ಪ್ರೋಗ್ರಾಮು. ಆ ಫೈಲನ್ನು ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರಿಗೆ ಏರಿಸಿ, ನಿನ್ನೆಯ ಬಿಲ್ ಸಿಗುತ್ತದಾ ನೋಡಿ.

ಹೊಸದಾಗಿ ಕೊಳ್ಳುವವರು ಸ್ಕ್ರಿಪ್ಟಿನಲ್ಲಿ ‘ಮೈಎಸ್‌ಕ್ಯೂಎಲ್_ಕನೆಕ್ಟ್’ (mysql_connect) ಎಂಬ, ಡೇಟಾಬೇಸಿಗೆ ಜೋಡಿಸುವ ಫಂಕ್ಷನ್ ಇದೆಯಾ ಎಂದು ಹುಡುಕಿಸಿ. ಆ ಫಂಕ್ಷನನ್ನು 2015ರಲ್ಲಿ ಬಂದ ಪಿಎಚ್‌ಪಿ 7ರಲ್ಲೇ ತೆಗೆದುಹಾಕಿದ್ದಾರೆ. ಅದು ನಡೆಯುವ ಕೊನೆಯ ಆವೃತ್ತಿ ಪಿಎಚ್‌ಪಿ 5.6ಕ್ಕೆ ಭದ್ರತಾ ತಿದ್ದುಪಡಿಗಳು 2018ರ ಕೊನೆಗೇ ನಿಂತಿವೆ. ಅಂಥದ್ದನ್ನು ಫುಕಟ್ ಕೊಟ್ಟರೂ ಬೇಡ.